ಬಾವಿ ಕೊರೆಯುವ ವೇಗ: ಅಂಕಿಯನ್ನು ಓದುವುದು ಹೇಗೆ?

ತೈಲ, ಅನಿಲ ಬಾವಿಯ ದಿನದ ವರದಿ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಒಂದೇ ಕಡೆ: ಗಂಟೆಗೆ ಎಷ್ಟು ಮೀಟರ್ ಇಳಿಯಿತು? ರಿಗ್‌ನವರ, ಅಂದರೆ ಬಾವಿ ಕೊರೆಯುವವರ, ಬಾಯಲ್ಲಿ ಇದು ಆರ್‌ಒಪಿ (ರೇಟ್ ಆಫ್ ಪೆನೆಟ್ರೇಶನ್). ಹೆಚ್ಚಿದ್ದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು ಎಂದುಕೊಂಡರೆ ಎಡವುತ್ತೀರಿ.

ಮೊದಲು ಕೇಳಬೇಕಾದ್ದು, ಯಾವ ಹೊತ್ತನ್ನು ಲೆಕ್ಕಕ್ಕೆ ಹಿಡಿದಿದ್ದಾರೆ ಎಂಬುದು. ಮೂರು ಪೈಪ್ ಜೋಡಿಸಿದ ಒಂದು ಸ್ಟ್ಯಾಂಡ್ ಸುಮಾರು 28 ಮೀಟರ್ ಉದ್ದ. ಅಷ್ಟನ್ನು 70 ನಿಮಿಷದಲ್ಲಿ ಕೊರೆದರೆ ವೇಗ ಗಂಟೆಗೆ 24 ಮೀಟರ್. ಮುಂದಿನ ಸ್ಟ್ಯಾಂಡ್ ಜೋಡಿಸಲು ಹೋದ 10 ನಿಮಿಷವನ್ನೂ ಸೇರಿಸಿದರೆ 21. ಎರಡೂ ಸುಳ್ಳಲ್ಲ.

ಪೈಪಿನ ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ ಬದಲಿಸುವ ಸಮಯ ಸೇರಿದಾಗಲಂತೂ ಲೆಕ್ಕವೇ ತಲೆಕೆಳಗು. ಬಿಟ್ ಸವೆದರೆ ಸಾವಿರಾರು ಮೀಟರ್ ಪೈಪನ್ನು ಮೇಲೆತ್ತಿ, ಹೊಸ ಬಿಟ್ ಹಾಕಿ, ಮತ್ತೆ ಇಳಿಸಬೇಕು. ಇದಕ್ಕೆ 12 ಗಂಟೆ ಎಂದಿಟ್ಟುಕೊಳ್ಳಿ. ಒಂದು ಬಿಟ್ ಗಂಟೆಗೆ 20 ಮೀಟರಿನಂತೆ ಓಡಿ 200 ಮೀಟರಿಗೇ ಸವೆಯಿತು. ಇನ್ನೊಂದು ಗಂಟೆಗೆ 12 ಮೀಟರಿನಂತೆ ತೆವಳಿದರೂ 600 ಮೀಟರ್ ಬಾಳಿತು. ಮೊದಲನೆಯದಕ್ಕೆ ಒಟ್ಟು 22 ಗಂಟೆ, ಸರಾಸರಿ 9.1. ಎರಡನೆಯದಕ್ಕೆ 62 ಗಂಟೆ, ಸರಾಸರಿ 9.7. ಆಮೆಯೇ ಗೆದ್ದಿತು!

ಆಮೇಲೆ ಬಿಟ್ ಯಾವುದು, ಕಲ್ಲು ಯಾವುದು ನೋಡಿ. ಹಲ್ಲಿರುವ ಕೋನ್‌ಗಳು ಉರುಳುವ ರೋಲರ್ ಬಿಟ್ ಕಲ್ಲನ್ನು ಜಜ್ಜುತ್ತದೆ. 1970ರ ದಶಕದಲ್ಲಿ ಬಂದ ಪಿಡಿಸಿ ಬಿಟ್‌ನಲ್ಲಿ ಉರುಳುವ ಭಾಗವೇ ಇಲ್ಲ. ಕೃತಕ ವಜ್ರದ ಬಿಲ್ಲೆಗಳು ಕಲ್ಲನ್ನು ಹೆರೆಯುತ್ತವೆ. ಶೇಲ್ ಎಂಬ ಜೇಡಿಕಲ್ಲಿನಲ್ಲಿ ಇದರ ಓಟ ಜೋರು, ಗಟ್ಟಿ ಬೆಣಚು ತಗುಲಿದರೆ ಬಿಲ್ಲೆಯ ಅಂಚು ಒಡೆಯುತ್ತದೆ.

ಡ್ರಿಲ್ಲರ್ ಕೈಯಲ್ಲಿರುವುದು ಮುಖ್ಯವಾಗಿ ಮೂರು: ಬಿಟ್ ಮೇಲಿನ ಭಾರ, ಸುತ್ತುವ ವೇಗ, ಕಲ್ಲಿನ ಪುಡಿಯನ್ನು ಮೇಲೆ ತರುವ ಮಡ್ ಎಂಬ ಕೆಸರು ದ್ರವವನ್ನು ಹರಿಸುವ ಪಂಪ್. ಭಾರ ಹೆಚ್ಚಿಸುತ್ತ ಹೋದಂತೆ ವೇಗವೂ ಏರುತ್ತದೆ, ಆದರೆ ಒಂದು ಹಂತದವರೆಗೆ ಮಾತ್ರ. ಅದನ್ನು ದಾಟಿದರೆ ಪುಡಿ ತೆರವಾಗದೆ ಬಿಟ್ ತನ್ನ ಪುಡಿಯನ್ನೇ ಮತ್ತೆ ಅರೆಯುತ್ತದೆ. ಜಿಗುಟು ಶೇಲ್ ಆದರೆ ಹಲ್ಲುಗಳ ನಡುವೆ ಮೆತ್ತಿ ಮುದ್ದೆ ಕಟ್ಟುತ್ತದೆ. ಆ ಹಂತ ಹುಡುಕಲು ಹಳೆಯದೊಂದು ಪರೀಕ್ಷೆಯಿದೆ. ಬಿಟ್ ಮೇಲೆ ಸಾಕಷ್ಟು ಭಾರ ಕೊಟ್ಟು, ಮೇಲಿನಿಂದ ಪೈಪ್ ಇಳಿಯದಂತೆ ಬ್ರೇಕ್ ಹಾಕುತ್ತಾರೆ, ಸುತ್ತುವುದು ಮಾತ್ರ ನಿಲ್ಲದು. ಬಿಟ್ ಕೊರೆದಷ್ಟೂ ಮೇಲಿನ ಪೈಪ್ ಹಿಗ್ಗಿ ಭಾರ ತಾನಾಗಿ ಇಳಿಯುತ್ತದೆ. ಪ್ರತಿ ಎರಡು ಟನ್ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಂಡರೆ, ಅತಿ ಕಡಿಮೆ ಹೊತ್ತು ಹಿಡಿದ ಭಾರವೇ ಆ ಕಲ್ಲಿಗೆ ಹೊಂದುವ ಭಾರ.

ಮಡ್‌ನ ಸಾಂದ್ರತೆಯನ್ನು ಹಲವರು ಮರೆಯುತ್ತಾರೆ. ಮಡ್ ಭಾರವಾದಷ್ಟೂ ಒಡೆದ ಚೂರುಗಳನ್ನು ತಳಕ್ಕೇ ಒತ್ತಿ ಹಿಡಿಯುತ್ತದೆ, ವೇಗ ಕುಗ್ಗುತ್ತದೆ. ಹಾಗೆಂದು ಮನಬಂದಂತೆ ತೆಳುವು ಮಾಡುವಂತಿಲ್ಲ. ಕೆಳಗಿನ ಅನಿಲವನ್ನು ತಡೆದಿರುವುದೂ ಅದೇ ಭಾರ.

ಕೊನೆಗೆ, ಕಾರಣವಿಲ್ಲದ ಏರಿಕೆ. ಭಾರ, ಸುತ್ತು, ಪಂಪ್ ಯಾವುದನ್ನೂ ಮುಟ್ಟಿಲ್ಲ, ಆದರೂ ಗಂಟೆಗೆ 8 ಇದ್ದದ್ದು ಥಟ್ಟನೆ 25ಕ್ಕೆ ಜಿಗಿಯಿತು. ಇದನ್ನು ಡ್ರಿಲ್ಲಿಂಗ್ ಬ್ರೇಕ್ ಎನ್ನುತ್ತಾರೆ (ತಡೆಯುವ ಬ್ರೇಕ್ ಅಲ್ಲ, ವೇಗದ ದಿಢೀರ್ ಬದಲಾವಣೆ). ರಂಧ್ರಗಳುಳ್ಳ ಮರಳುಗಲ್ಲು ಸಿಕ್ಕಿರಬಹುದು, ಒತ್ತಡ ಹೆಚ್ಚಿರುವ ಪದರವೂ ಇರಬಹುದು. ಕಲ್ಲಿನ ಪುಡಿ ಮೇಲೆ ಬಂದ ಮೇಲೆ ನೋಡೋಣ ಎನ್ನುವಂತಿಲ್ಲ. ಆಳದ ಬಾವಿಯಲ್ಲಿ ಅದಕ್ಕೇ ಒಂದು ಗಂಟೆ ಮೀರಬಹುದು. ಆದ್ದರಿಂದ ಡ್ರಿಲ್ಲರ್ ಬಿಟ್ಟನ್ನು ತಳದಿಂದ ಎತ್ತಿ, ಪಂಪ್ ನಿಲ್ಲಿಸಿ, ಮಡ್ ಹೊರಬರುವ ದಾರಿಯನ್ನೇ ದಿಟ್ಟಿಸುತ್ತಾನೆ. ಹರಿವು ನಿಂತರೆ ಮತ್ತೆ ಕೊರೆತ. ಪಂಪ್ ನಿಂತರೂ ಮಡ್ ಬರುತ್ತಲೇ ಇದ್ದರೆ ಕೆಳಗಿನ ಒತ್ತಡ ಅದನ್ನು ತಳ್ಳುತ್ತಿದೆ ಎಂದರ್ಥ; ಬಾವಿಯ ಬಾಯಿ ಮುಚ್ಚಬೇಕು, ಅದೂ ಯಾರನ್ನೂ ಕೇಳದೆ, ತಕ್ಷಣ.