ಮಂಗಳೂರಿನಿಂದ ದುಬೈಗೆ: ದೂರವೆಷ್ಟು, ಹೊತ್ತೆಷ್ಟು

ಮನೆಯ ಒಬ್ಬರು ದುಬೈಯಲ್ಲಿ ದುಡಿಯುತ್ತಿದ್ದು, ಉಳಿದವರು ಮಂಗಳೂರು–ಉಡುಪಿಯಲ್ಲಿ ಹೊಸದಾಗಿ ಮನೆ ಮಾಡಿರುವ ಕುಟುಂಬಗಳು ಮೊದಲು ಎಡವುವುದು ಟಿಕೆಟ್ಟಿನ ಗಂಟೆ ಓದುವುದರಲ್ಲಿ.

ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಿಂದ ದುಬೈಗೆ ನೇರ ಗೆರೆಯಲ್ಲಿ ಸುಮಾರು 2,460 ಕಿ.ಮೀ. ಅಬುಧಾಬಿಗೂ ಹೆಚ್ಚುಕಡಿಮೆ ಅಷ್ಟೇ. ದಾರಿಯ ಬಹುಪಾಲು ಅರಬ್ಬಿ ಸಮುದ್ರ. ಆಕಾಶದಲ್ಲಿರುವುದು ಮೂರೂಕಾಲರಿಂದ ಮೂರೂವರೆ ಗಂಟೆ. ಗೇಟು ಬಿಟ್ಟು ಗೇಟು ಸೇರುವ ಹೊತ್ತನ್ನೂ ಸೇರಿಸಿದರೆ ಮೂರೂಮುಕ್ಕಾಲು. ಮರಳುವಾಗ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಹಿಂದಿನಿಂದ ತಳ್ಳುವುದರಿಂದ ಕಾಲು ಗಂಟೆಯೋ ಅರ್ಧ ಗಂಟೆಯೋ ಉಳಿಯುತ್ತದೆ.

ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ. ಇಲ್ಲಿ ಬೆಳಿಗ್ಗೆ 10ಕ್ಕೆ ಹೊರಟದ್ದು ಅಲ್ಲಿ 12.15ಕ್ಕೆ ಇಳಿಯುತ್ತದೆ ಎಂದಿದ್ದರೆ ಪ್ರಯಾಣ ಎರಡೂಕಾಲು ಗಂಟೆಯಲ್ಲ, ಮೂರೂಮುಕ್ಕಾಲು. ಬರುವಾಗ ಇದೇ ಲೆಕ್ಕ ತಿರುಗಿ, ಪ್ರಯಾಣ ಐದು ಗಂಟೆಯಷ್ಟಿದ್ದಂತೆ ಕಾಣುತ್ತದೆ. ಇದಕ್ಕಿಂತ ದುಬಾರಿ ತಪ್ಪು ನಡುರಾತ್ರಿಯದು: 15ನೇ ತಾರೀಕು 00.40 ಎಂದಿದ್ದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ರಾತ್ರಿ ಹೋದವರಿಗೆ ವಿಮಾನ ಇರುವುದಿಲ್ಲ.

ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ತಲುಪಿ. ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮುಂಚೆ ಚೆಕ್‌ಇನ್ ಕೌಂಟರ್ ಮುಚ್ಚಿಬಿಡುತ್ತಾರೆ. ಉಡುಪಿಯಿಂದ ನಿಲ್ದಾಣಕ್ಕೆ 55–60 ಕಿ.ಮೀ. ಹೆದ್ದಾರಿಯಲ್ಲೇ ಬಂದರೆ ಬೈಕಂಪಾಡಿಯ ಲಾರಿಗಳು, ಕೂಳೂರು ಸೇತುವೆ, ಆಮೇಲೆ ಕಾವೂರು, ಮರವೂರು. ಸಂಜೆಯಾದರೆ ಎರಡು ಗಂಟೆ ಇಟ್ಟುಕೊಳ್ಳಿ. ಮೂಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು, ಬಜಪೆ ಮೂಲಕವೂ ಬರಬಹುದು. ರಸ್ತೆ ಕಿರಿದು, ತಿರುವು ಹೆಚ್ಚು, ಆದರೆ ಕೂಳೂರಿನ ಕಾಟ ಇಲ್ಲ. ಕಟೀಲು ದೇವಸ್ಥಾನದಲ್ಲಿ ವಿಶೇಷ ಇರುವ ದಿನ ಮಾತ್ರ ಈ ದಾರಿ ಬೇಡ.

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಲೆಕ್ಕವೇ ಬೇರೆ. ನಮ್ಮ ರನ್‌ವೇ ಇರುವುದು ಗುಡ್ಡದ ನೆತ್ತಿ ಸವರಿದ ಜಾಗದಲ್ಲಿ. ಮೋಡ ಅಲ್ಲೇ ಕೂತರೆ ಪೈಲಟ್‌ಗೆ ರನ್‌ವೇ ಕಾಣುವುದಿಲ್ಲ. ಒಂದಷ್ಟು ಸುತ್ತು ಹಾಕಿ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ಹೋಗುತ್ತದೆ. ಅಲ್ಲಿ ಇಂಧನ ತುಂಬಿಸಿ, ಮೋಡ ಸರಿದ ಮೇಲೆ ವಾಪಸು. ಅಷ್ಟರಲ್ಲಿ ಸಿಬ್ಬಂದಿಯ ಕೆಲಸದ ಅವಧಿ ಮುಗಿದರೆ ಬೇರೆಯವರು ಬರುವವರೆಗೆ ಕಾಯಬೇಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳ ಹಾಲು, ಡಯಾಪರ್, ಹಿರಿಯರ ಒಂದು ದಿನದ ಮಾತ್ರೆ ಕೈಚೀಲದಲ್ಲೇ ಇರಲಿ. ಕರೆದುಕೊಂಡು ಹೋಗಲು ಬರುವವರು ವಿಮಾನ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಿಯೇ ಮನೆ ಬಿಡಿ.

ಮುಂಬೈ ಮೂಲಕ ಅಗ್ಗದ ಟಿಕೆಟ್ ಸಿಗುತ್ತದೆ, ಆದರೆ ಬೇರೆ ಬೇರೆ ಎರಡು ಟಿಕೆಟ್ ಮಾಡಿಸಿದರೆ ಸಾಮಾನು ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಮೊದಲ ವಿಮಾನ ತಡವಾದರೆ ಎರಡನೆಯದರ ಹಣ ಹೋದಂತೆಯೇ. ನಡುವೆ ನಾಲ್ಕು ಗಂಟೆಯಾದರೂ ಇರಲಿ. ಪುಟ್ಟ ಮಕ್ಕಳಿದ್ದರೆ ನೇರ ವಿಮಾನವನ್ನೇ ಹಿಡಿಯಿರಿ.

ಇಳಿಯಲು ಅರ್ಧ ಗಂಟೆ ಇರುವಾಗ ಮಲಗಿದ ಮಗುವನ್ನು ಎಬ್ಬಿಸಿ ಹಾಲು ಕುಡಿಸಿ. ನುಂಗುತ್ತಿದ್ದರೆ ಕಿವಿನೋವು ಕಡಿಮೆ.

ಒಣಕೊಬ್ಬರಿಯು ತನ್ನಲ್ಲಿನ ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತು, ವಿಮಾನಕ್ಕೆ ಬಿಡುವುದಿಲ್ಲ. ಗಸಗಸೆ ಯುಎಇಯಲ್ಲಿ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ: ಒಂದು ಚಿಟಿಕೆಯೂ ಬೇಡ, ಮನೆಯ ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಬೇಡ. ಪುಡಿ ಮಾಡಿಕೊಟ್ಟ ಅಜ್ಜಿಯನ್ನೋ ಅತ್ತೆಯನ್ನೋ ಒಮ್ಮೆ ಕೇಳಿಯೇ ಪೆಟ್ಟಿಗೆಗೆ ಹಾಕಿ.