ಕೊರಡಿಗೆ ಸೀತಾಳೆ ಕಟ್ಟುವ ಬಗೆ

ಸೀತಾಳೆ ದಂಡೆ ಮರದ ಮೇಲೆ ಬೆಳೆಯುವ ಆರ್ಕಿಡ್, ಆದರೆ ಬಂದಳಿಕೆಯ ಹಾಗೆ ರಸ ಹೀರುವುದಿಲ್ಲ. ಅದಕ್ಕೆ ಮರ ಬರೀ ಆಸರೆ. ತೋಟದಲ್ಲಿ ಹಳೆ ಕಾಫಿ ಗಿಡ ಕಿತ್ತಾಗ ಸಿಗುವ ಕೊರಡೇ ಸಾಕು, ಗಟ್ಟಿ ಮರ, ಬೇಗ ಲಡ್ಡಾಗದು. 1 ಅಡಿ ಉದ್ದ, 3-4 ಇಂಚು ದಪ್ಪದ್ದನ್ನು ಆರಿಸಿ, ಸಡಿಲ ತೊಗಟೆ ಉಜ್ಜಿ ತೆಗೆದು ರಾತ್ರಿಯಿಡೀ ನೆನೆಹಾಕಿ.

ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಮುಗಿದು ಮುಂಗಾರು ಹಿಡಿಯುವ ಮುಂಚೆ, ಬೇರಿನ ತುದಿ ಹಸಿರಾಗಿ ಚಿಗುರುತ್ತಿರುವಾಗ ಕಟ್ಟಿ. ಹಿಸುಕಿದರೆ ಟೊಳ್ಳೆನಿಸುವ ಬೇರು ಕತ್ತರಿಸಿ. ಉಳಿದವನ್ನು ಕೊರಡಿನ ಮೇಲೆ ಹರಡಿ, ತೆಳ್ಳಗೆ ತೆಂಗಿನ ನಾರು ಹಾಸಿ, ನೈಲಾನ್ ತಂಗೂಸಿಯಿಂದ ಬಿಗಿಯಿರಿ. ಹತ್ತಿ ದಾರ ನಮ್ಮ ಮಳೆಗೆ ತಾಳುವುದು ಕಷ್ಟ. ತಾಮ್ರದ ತಂತಿ ಬೇರಿಗೆ ವಿಷ. ಗಿಡ ಒಂಚೂರು ಅಲುಗಾಡಿದರೂ ಎಳೆ ತುದಿ ಉಜ್ಜಿಹೋಗಿ ಬೇರು ಮರ ಹಿಡಿಯದು. ಹೆಚ್ಚಿನವರು ಸೋಲುವುದು ಇಲ್ಲೇ. ಸುಳಿ ಪಕ್ಕಕ್ಕೆ ವಾಲಿರಲಿ, ನೀರು ನಿಂತರೆ ಕೊಳೆಯುತ್ತದೆ.

ನೀರು ಯಾವಾಗ ಎಂಬುದನ್ನು ಬೇರಿನ ಬಣ್ಣವೇ ಹೇಳುತ್ತದೆ: ಒಣಗಿದಾಗ ಬೂದಿಬಿಳುಪು, ನೆನೆದಾಗ ಹಸಿರು. ಜನವರಿಯಿಂದ ಮಾರ್ಚ್‌ವರೆಗೆ ದಿನಾ ಬೆಳಿಗ್ಗೆ ಸಿಂಪಡಿಸಿ. ಅದು ಮೇಲ್ಮೈಯನ್ನಷ್ಟೇ ಒದ್ದೆ ಮಾಡುವುದರಿಂದ ವಾರಕ್ಕೆ 2 ಸಲ ಬೇರು ಸಮೇತ ಕೊರಡನ್ನು ಬಕೆಟ್ಟಿನಲ್ಲಿ 10 ನಿಮಿಷ ಮುಳುಗಿಸಿ, ಸುಳಿ ಮಾತ್ರ ಮೇಲಿರಲಿ. ಜುಲೈಯಲ್ಲಿ ತದ್ವಿರುದ್ಧ: ಸೂರಿನಡಿ ಗಾಳಿಯಾಡುವಲ್ಲಿ ತೂಗುಹಾಕಿ, ದಿನಗಟ್ಟಲೆ ನಾರು ಆರದಿದ್ದರೆ ಆ ನಾರನ್ನು ಕಿತ್ತೇಬಿಡಿ. ಬೇರು ಚಿಗುರುವ ದಿನಗಳಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರ ಲೀಟರ್ ನೀರಿಗೆ ಅರ್ಧ ಗ್ರಾಂ, 15 ದಿನಕ್ಕೊಮ್ಮೆ, ಬೇರು ನೆನೆಸಿದ ಮೇಲೆ.