ಲೈನ್ ಮನೆಗಳ ವಾರ್ಡಿನಲ್ಲಿ ನಾನು ಚುನಾವಣೆ ಮಾಡಿದ್ದು

ಗ್ರಾಮ ಪಂಚಾಯಿತಿ ಚುನಾವಣೆಗೆ ನಾನು ಎರಡು ಸಲ ನಿಂತಿದ್ದೇನೆ. 2015ರಲ್ಲಿ ಆರು ಮತದಿಂದ ಸೋತೆ, 2020ರಲ್ಲಿ ಗೆದ್ದೆ. ನಡುವಿನ ಐದು ವರ್ಷದಲ್ಲಿ ನನಗೆ ಭಾಷಣ ಬರಲಿಲ್ಲ, ಕೈಯಲ್ಲಿ ದುಡ್ಡೂ ಸೇರಲಿಲ್ಲ. ಮೊದಲ ಸಲ ನನ್ನ ಗಮನವೆಲ್ಲ ರಸ್ತೆಯ ಮೇಲಿತ್ತು, ಎರಡನೇ ಸಲ ಮತದಾರರ ಪಟ್ಟಿಯ ಮೇಲೆ ಮತ್ತು ಮತಪತ್ರದ ಮೇಲೆ ಇತ್ತು. ನಮ್ಮ ಕಡೆ ಹೊಸದಾಗಿ ನಿಲ್ಲಬೇಕೆಂದಿರುವ ಹೆಣ್ಣುಮಕ್ಕಳು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೆ ಇದನ್ನು ಬರೆದಿಡುತ್ತಿದ್ದೇನೆ.

ನಮ್ಮ ವಾರ್ಡು ಕೊಡಗಿನ ಸಿದ್ದಾಪುರದ ಕಡೆಯದು. ಎರಡು ದೊಡ್ಡ ಕಾಫಿ ತೋಟ, ಅವುಗಳ ಲೈನ್ ಮನೆಗಳು ಎಂದರೆ ಕಾರ್ಮಿಕರ ಸಾಲು ಮನೆಗಳು, ಆದಿವಾಸಿಗಳ ಒಂದು ಹಾಡಿ, ಮೂರ್ನಾಲ್ಕು ಕೊಡವ ಒಕ್ಕಗಳ (ಕುಲಗಳ) ಐನ್‌ಮನೆ ಎಂಬ ಮೂಲ ಮನೆಗಳು, ನಮ್ಮಂಥ ಎರಡು ಮೂರು ಎಕರೆಯವರು, ರಸ್ತೆ ಬದಿಯ ಅಂಗಡಿಯವರು. ನನ್ನ ತವರು ಸುಳ್ಯದ ಕಡೆ, ಮನೆಯಲ್ಲಿ ಆಡುವುದು ಅರೆಭಾಷೆ. ಗೇಟು ದಾಟಿದರೆ ಕೊಡವ ತಕ್ಕ್, ಮಲಯಾಳ, ಯರವ ಭಾಷೆ, ತಮಿಳು. ಎಲ್ಲರಿಗೂ ಅರ್ಥವಾಗುವ ಕನ್ನಡ ಒಂದಿದೆ, ಆದರೆ ಕಷ್ಟ ಹೇಳಿಕೊಳ್ಳುವಾಗ ಜನ ತಮ್ಮ ಭಾಷೆಗೇ ಹೋಗುತ್ತಾರೆ. ಅದು ಅರ್ಥವಾಗದಿದ್ದರೆ ಸುಮ್ಮನೆ ಕೂತು ಕೇಳಬೇಕು, ಆಮೇಲೆ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕು. ನಾನು ಹಾಗೇ ಮಾಡಿದೆ.

1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಒಂದು ಪಂಚಾಯಿತಿಗೆ 5000ದಿಂದ 7000 ಜನಸಂಖ್ಯೆ ಎಂದಿದ್ದರೂ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2500 ಇದ್ದರೂ ಸಾಕು ಎಂಬ ವಿನಾಯಿತಿ ಇದೆ. ಸುಮಾರು 400 ಜನರಿಗೆ ಒಬ್ಬ ಸದಸ್ಯ. ನಮ್ಮದು ಎರಡು ಸ್ಥಾನದ ವಾರ್ಡು. ಇಷ್ಟು ಚಿಕ್ಕ ಕಣದಲ್ಲಿ ಒಂದು ಲೈನಿನ ಹತ್ತು ಮನೆ ಆಚೀಚೆಯಾದರೆ ಫಲಿತಾಂಶವೇ ಆಚೀಚೆ.

2015ರ ಎಣಿಕೆಯ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಎಣಿಕೆಯವರು ಒಂದೊಂದೇ ಮತಪತ್ರ ಬಿಡಿಸಿ, ಎತ್ತಿ ತೋರಿಸಿ, ಹಾಳೆಯಲ್ಲಿ ಗೆರೆ ಹಾಕುತ್ತಿದ್ದರು. ಎರಡು ಸ್ಥಾನ, ಆದ್ದರಿಂದ ಪ್ರತಿ ಮತದಾರರಿಗೆ ಎರಡು ಮತ. ಒಂದೇ ಮತಪತ್ರದಲ್ಲಿ ಎಲ್ಲರ ಹೆಸರು, ಎರಡು ಕಡೆ ಮೊಹರು ಒತ್ತಬೇಕು. ಒಂದೇ ಒತ್ತಿದರೆ ಆ ಒಂದು ಮತ ಸೇರುತ್ತದೆ, ಮೂರು ಒತ್ತಿದರೆ ಇಡೀ ಮತಪತ್ರ ಅಸಿಂಧು. ನನ್ನ ಗುರುತಿನ ಮೇಲೆ ಸ್ಪಷ್ಟವಾಗಿ ಮೊಹರು ಬಿದ್ದಿದ್ದ ಮತಪತ್ರಗಳು ಮೇಲಿಂದ ಮೇಲೆ ಅಸಿಂಧು ಕಟ್ಟಿಗೆ ಹೋಗುತ್ತಿದ್ದವು. ಕೆಲವರು ಎಲ್ಲ ಅಭ್ಯರ್ಥಿಗಳಿಗೂ ಒಂದೊಂದು ಒತ್ತಿದ್ದರು, ಯಾರಿಗೂ ಬೇಜಾರಾಗಬಾರದು ಎಂಬಂತೆ. ಕೆಲವರು ಎರಡು ಹೆಸರಿನ ನಡುವಿನ ಗೆರೆಯ ಮೇಲೆ ಒತ್ತಿದ್ದರು. ಅಸಿಂಧು 23, ನನ್ನ ಸೋಲು 6. ಸೋತಿದ್ದಕ್ಕಿಂತ ಹೆಚ್ಚಾಗಿ ನನಗೆ ನೋವಾದದ್ದು ಆ 23ರ ಬಗ್ಗೆ. ಸೋನೆಮಳೆಯಲ್ಲಿ ನೆನೆದು ಬಂದು, ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು ಹೋದವರ ಮತ ಅದು. ಅವರಿಗೆ ಇವತ್ತಿಗೂ ತಮ್ಮ ಮತ ಎಣಿಕೆಗೆ ಬರಲಿಲ್ಲ ಎಂದು ಗೊತ್ತಿಲ್ಲ.

ಹಾಗಾಗಿ 2020ರಲ್ಲಿ ಕೆಲಸವನ್ನು ಪಟ್ಟಿಯಿಂದ ಶುರುಮಾಡಿದೆ. ಕರಡು ಪಟ್ಟಿ ಪಂಚಾಯಿತಿ ಗೋಡೆಗೆ ಬಂದಾಗ ಚುನಾವಣೆಯ ದಿನಾಂಕವೇ ಗೊತ್ತಿರಲಿಲ್ಲ, ಮೀಸಲಾತಿಯೂ ಖಚಿತವಿರಲಿಲ್ಲ. ನಾನು ನಿಲ್ಲುತ್ತೇನೋ ಇಲ್ಲವೋ, ಪಟ್ಟಿ ಸರಿಯಾಗಲಿ ಎಂದುಕೊಂಡೆ. ನಮ್ಮ ಸ್ತ್ರೀಶಕ್ತಿ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ಜೆರಾಕ್ಸ್ ಪ್ರತಿ ಹಿಡಿದು ಮನೆಮನೆ ಹೋದೆ. ತೀರಿಕೊಂಡವರಿಗೆ ಒಂದು ಗುರುತು, ಮದುವೆಯಾಗಿ ಹೋದವರಿಗೆ ಒಂದು, ಹದಿನೆಂಟಾಗಿಯೂ ಹೆಸರಿಲ್ಲದವರಿಗೆ ಇನ್ನೊಂದು.

ಐನ್‌ಮನೆಗಳಲ್ಲಿ ಈ ಕೆಲಸ ಅರ್ಧ ಗಂಟೆ. ಬೆಂಗಳೂರು, ಮೈಸೂರಲ್ಲಿ ಇರುವ ಮಕ್ಕಳ ಹೆಸರೂ ಇಲ್ಲೇ ಇರುತ್ತದೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಬಂದವರು ಮತದಾನಕ್ಕೂ ಬರುತ್ತಾರೋ ಇಲ್ಲವೋ, ಅಷ್ಟೇ ಪ್ರಶ್ನೆ. ಲೈನ್ ಮನೆಗಳಲ್ಲಿ ಹಾಗಲ್ಲ. ಮನೆ ತೋಟದ್ದು. ಒಂದೊಂದು ಕುಟುಂಬಕ್ಕೆ ಬೇರೆ ಬೇರೆ ಮನೆ ನಂಬರ್ ಇರುವುದಿಲ್ಲ. ಒಂದು ತೋಟದಿಂದ ಇನ್ನೊಂದಕ್ಕೆ ಕೆಲಸ ಬದಲಾಯಿಸಿದರೆ ಮನೆಯೂ ಬದಲು, ಹೆಸರು ಮಾತ್ರ ಹಳೇ ವಾರ್ಡಿನಲ್ಲಿ. ಒಂದು ಲೈನಿನಲ್ಲಿ ವಿಚಾರಿಸುವಾಗ ತಿಳಿಯಿತು: ಹದಿನೈದು ಜನರ ಹೆಸರು ರಸ್ತೆಯಾಚೆಯ ವಾರ್ಡಿಗೆ ಸೇರಿದೆ. ಅವರು ಹಿಂದಿನ ಸಲ ನಮ್ಮ ಮತಗಟ್ಟೆಗೆ ಬಂದು, ಹೆಸರಿಲ್ಲ ಎಂದು ವಾಪಸು ಹೋಗಿದ್ದರು. ಆಚೆಯ ಮತಗಟ್ಟೆಗೆ ಹೋಗಿ ನೋಡಿ ಎಂದು ಯಾರೂ ಹೇಳಿರಲಿಲ್ಲ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಹೊಳೆದಂಡೆಯ ಮನೆಗಳು ಹೋದಮೇಲೆ ಈ ತೊಡಕು ಇನ್ನೂ ಹೆಚ್ಚಿತು. ಮನೆ ಕಳಕೊಂಡವರು ನೆಂಟರ ಮನೆ, ಬಾಡಿಗೆ ಮನೆ ಎಂದು ಚದುರಿದರು. ಕಾಗದಪತ್ರವೆಲ್ಲ ನೀರು ಪಾಲು. ಅಂಥ ಎರಡು ಸಂಸಾರ ನಮ್ಮ ವಾರ್ಡಿಗೂ ಬಂದಿತ್ತು. ಹೆಸರು ಇಲ್ಲಿಗೆ ತರಿಸಿಕೊಳ್ಳಿ ಎಂದು ನಾನು ಹೇಳಿದಾಗ ಆ ಮನೆಯ ಅಜ್ಜಿ ಒಪ್ಪಲಿಲ್ಲ. ಇಲ್ಲಿಗೆ ತಂದರೆ ಅಲ್ಲಿ ಮನೆ ಇತ್ತು ಅನ್ನುವುದಕ್ಕೆ ಏನು ಸಾಕ್ಷಿ ಉಳಿಯುತ್ತದೆ ಮಗಳೇ ಎಂದರು. ನಾನು ಮತ್ತೆ ಒತ್ತಾಯಿಸಲಿಲ್ಲ. ಅವರು ಹೇಳಿದ್ದೇ ಸರಿ.

ಸೇರ್ಪಡೆಗೆ ನಮೂನೆ 6, ತೆಗೆಯಲು 7, ತಿದ್ದುಪಡಿಗೆ 8. ರಾತ್ರಿ ಕೂತು ಭರ್ತಿ ಮಾಡಿ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಹತ್ತಿರ ಕೊಟ್ಟೆವು. ಕೊಟ್ಟದ್ದರಲ್ಲಿ ಎಲ್ಲವೂ ಆಗಲಿಲ್ಲ. ರಸ್ತೆಯಾಚೆ ಸೇರಿದ್ದ ಹದಿನೈದರಲ್ಲಿ ಹನ್ನೊಂದು ಹೆಸರು ನಮ್ಮ ವಾರ್ಡಿಗೆ ಬಂತು, ನಾಲ್ಕು ಉಳಿಯಿತು. ಕಾರಣ ಕೇಳಲು ಮೂರು ಸಲ ಕಚೇರಿಗೆ ಹೋದೆ, ಸರಿಯಾದ ಉತ್ತರ ಸಿಗಲಿಲ್ಲ.

ಮೀಸಲಾತಿ ಬಂದಾಗ ಎರಡರಲ್ಲಿ ಒಂದು ಸ್ಥಾನ ಮಹಿಳೆಗೆ. ಮರುದಿನವೇ ಊರಿನ ಒಬ್ಬ ಹಿರಿಯರು ಮನೆಗೆ ಬಂದರು. ತಮ್ಮ ಮನೆಯವರನ್ನು, ಅಂದರೆ ಹೆಂಡತಿಯನ್ನು, ನಿಲ್ಲಿಸುತ್ತೇನೆ, ಕೆಲಸವೆಲ್ಲ ತಾನೇ ನೋಡಿಕೊಳ್ಳುತ್ತೇನೆ, ನೀನು ಈ ಸಲ ಬಿಟ್ಟುಕೊಡು ಎಂದರು. ನಮ್ಮವರು ನನ್ನ ಮುಖ ನೋಡಿದರು. "ಮಾವ, ಅಕ್ಕನೇ ನಿಂತು ಅಕ್ಕನೇ ಕೆಲಸ ಮಾಡುವುದಾದರೆ ನಾನು ಬಿಡುತ್ತೇನೆ" ಎಂದೆ. ಅವರು ಕಾಫಿ ಕುಡಿದು ಹೋದರು. ಕೊನೆಗೆ ಅವರ ಮನೆಯವರೂ ನಿಂತರು. ಸ್ಥಾನದ ಅರ್ಧ ಪಾಲು ಹೆಂಗಸರಿಗೆ ಕೊಟ್ಟಿರುವುದು ಗಂಡಸರ ಸಹಿ ಹಾಕುವುದಕ್ಕಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

2020ರಲ್ಲಿ ಡಿಸೆಂಬರ್ 22 ಮತ್ತು 27, ಹೀಗೆ ಎರಡು ಹಂತದಲ್ಲಿ ಮತದಾನ. ನಮ್ಮದು ಎರಡನೆಯದು. ನಾಮಪತ್ರ ಪಂಚಾಯಿತಿ ಕಚೇರಿಯಲ್ಲೇ. ಹೆಂಗಸರಿಗೆ ಠೇವಣಿ 100 ರೂಪಾಯಿ. ಪಕ್ಷದ ಚಿಹ್ನೆ ಇಲ್ಲ, ಆದರೂ ಇವರು ಇಂಥ ಪಕ್ಷದ ಬೆಂಬಲಿತರು ಎಂದು ಊರಿಗೆಲ್ಲ ಗೊತ್ತಿರುತ್ತದೆ. ನಾನು ಯಾರ ಬೆಂಬಲವನ್ನೂ ಕೇಳಲಿಲ್ಲ. ಗುರುತು ಆಟೋರಿಕ್ಷಾ ಸಿಕ್ಕಿತು. ಅದು ಅನುಕೂಲವಾಯಿತು, ಓದು ಬಾರದವರಿಗೂ ದೂರದಿಂದಲೇ ತಿಳಿಯುತ್ತದೆ.

ನಾಮಪತ್ರ ವಾಪಸು ಪಡೆಯುವ ದಿನ ಕಳೆದರೆ ಪ್ರಚಾರಕ್ಕೆ ಉಳಿದದ್ದು ಒಂದೇ ವಾರ. ಅದೂ ಅರೇಬಿಕಾ ಕೊಯ್ಲಿನ ಹೊತ್ತು. ಬೆಳಿಗ್ಗೆ ಎಂಟಕ್ಕೆ ಲೈನ್ ಖಾಲಿ. ಸಂಜೆ ಆರರ ಮೇಲೆ ಕತ್ತಲು, ಮಂಜು, ಆನೆ. ಮಾಲ್ದಾರೆ, ಚೆನ್ನಯ್ಯನಕೋಟೆ ಕಡೆಯಿಂದ ತೋಟಕ್ಕೆ ಇಳಿದ ಆನೆಗಳು ಒಂದೊಂದು ಸಲ ವಾರಗಟ್ಟಲೆ ಅಲ್ಲೇ ಇರುತ್ತವೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಮತ ಕೇಳಲು ಹೋಗುವುದು ಜೀವಕ್ಕೇ ಅಪಾಯ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಡಬೇಕೆಂಬ ಮಾತು ಬಂದರೆ ನಮ್ಮ ಬೆಳೆಗಾರರು ಕಳವಳಪಡುವುದೂ ಇದೇ ಕಾರಣಕ್ಕೆ. ಬೇರೆ ಜಿಲ್ಲೆಯವರಿಗೆ ಇದು ವಿಚಿತ್ರ ಅನಿಸಬಹುದು, ಇಲ್ಲಿ ಗದ್ದೆ ಕಾಯುವವರಿಗೆ ಹಾಗಲ್ಲ.

ಹಾಗಾದರೆ ಜನ ಸಿಗುವುದು ಎಲ್ಲಿ? ತೂಕದ ಜಾಗದಲ್ಲಿ. ನಾಲ್ಕರಿಂದ ಐದರ ತನಕ ಕೊಯ್ದ ಹಣ್ಣಿನ ಚೀಲ ತಂದು ಸಾಲಾಗಿ ಇಟ್ಟು, ತಮ್ಮ ಸರದಿಗೆ ಕಾಯುತ್ತಾರೆ. ಒಂದು ತೋಟದ ಲೆಕ್ಕ ನೋಡುವ ರೈಟರ್ ಒಳಗೆ ಬಿಟ್ಟರು, ಇನ್ನೊಂದರಲ್ಲಿ ಗೇಟು ತೆರೆಯಲಿಲ್ಲ. ತೆರೆಯದ ಕಡೆ ರಸ್ತೆ ಬದಿಯ ಮರದ ಕೆಳಗೆ ನಿಂತೆ. ಕೊರೊನಾ ನಿಯಮ ಇತ್ತು, ಐದು ಜನಕ್ಕಿಂತ ಹೆಚ್ಚು ಒಟ್ಟಿಗೆ ಹೋಗುವಂತಿರಲಿಲ್ಲ. ನಾವು ಮೂವರೇ ಇದ್ದದ್ದು.

ಅಲ್ಲಿ ನಾನು ಮೊದಲು ಮತ ಕೇಳುತ್ತಿರಲಿಲ್ಲ. ಮನೆಯಲ್ಲಿ ದೊಡ್ಡ ಬಿಳಿ ಹಾಳೆಗೆ ಗೆರೆ ಎಳೆದು ಮತಪತ್ರದಂತೆ ಮಾಡಿಕೊಂಡಿದ್ದೆ. ಅಭ್ಯರ್ಥಿಗಳ ಜಾಗದಲ್ಲಿ ಕಿತ್ತಳೆ, ಕರಿಮೆಣಸು, ಏಲಕ್ಕಿ, ಬಾಳೆ, ಜೇನು, ಐದು ಚಿತ್ರ. ಮಗ ಬರೆದುಕೊಟ್ಟ. ಮೊಹರಿಗೆ ಬೆಂಡೆಕಾಯಿ ತುಂಡು, ಶಾಯಿಗೆ ಬೀಟ್‌ರೂಟ್ ರಸ. "ಇದರಲ್ಲಿ ಇಷ್ಟವಾದ ಎರಡಕ್ಕೆ ಒತ್ತಿ" ಎನ್ನುತ್ತಿದ್ದೆ. ಮೊದಲ ದಿನ ಹನ್ನೆರಡು ಜನ ಒತ್ತಿದರು, ಐದು ಜನ ಮೂರಕ್ಕೂ ಹೆಚ್ಚು ಒತ್ತಿದ್ದರು. ಒಬ್ಬ ಹುಡುಗಿ ಕಿತ್ತಳೆಗೇ ಎರಡು ಸಲ ಒತ್ತಿದಳು, ಅದೇ ಇಷ್ಟ ಎಂದು. ಎರಡು ಮತ ಎಂದರೆ ಒಬ್ಬರಿಗೇ ಎರಡು ಎಂದು ತಿಳಿದವರು ಬಹಳ ಇದ್ದರು. ಮೊಹರು ಚಿತ್ರದ ಚೌಕದ ಒಳಗೇ ಬೀಳಬೇಕು, ಗೆರೆ ಮುಟ್ಟಬಾರದು, ಶಾಯಿ ಒಣಗಿದ ಮೇಲೆ ಮಡಚಬೇಕು, ಹೀಗೆ ಒಂದೊಂದಾಗಿ ಹೇಳಿಕೊಟ್ಟೆವು. ಯರವ ಭಾಷೆಯಲ್ಲಿ ಹೇಳಿದ್ದು ಸಂಘದ ಒಬ್ಬ ತಂಗಿ. ನಾನು ಹೇಳಿದಾಗ ತಲೆಯಾಡಿಸುತ್ತಿದ್ದವರು ಅವಳು ಹೇಳಿದಾಗ ಪ್ರಶ್ನೆ ಕೇಳಲು ಶುರುಮಾಡಿದರು.

ಇದೆಲ್ಲ ಆದಮೇಲೆ ಹೊರಡುವಾಗ ಒಂದೇ ಮಾತು: ನಾನೂ ನಿಂತಿದ್ದೇನೆ, ನನ್ನ ಗುರುತು ಆಟೋ. ಮತ ಕೇಳಲು ಬಂದವಳು ಬೇರೆಯವರಿಗೂ ಮತ ಹಾಕುವುದನ್ನು ಕಲಿಸುತ್ತಿದ್ದಾಳೆ ಎಂದು ನಮ್ಮ ಮನೆಯಲ್ಲೇ ತಕರಾರು ಬಂತು. ಎದುರಾಳಿಗೆ ಬೀಳುವ ಮತವೂ ಸರಿಯಾಗಿ ಬೀಳಲಿ ಎಂದೇ ನಾನು ಹೇಳಿದ್ದು. 23 ಮತಪತ್ರ ಪಕ್ಕಕ್ಕೆ ಹೋಗುವುದನ್ನು ಕಣ್ಣಾರೆ ನೋಡಿದವಳು ನಾನು.

ಮತದಾನದ ಹಿಂದಿನ ರಾತ್ರಿ ಲೈನುಗಳಿಗೆ ಜೀಪು ಹೋದದ್ದು ಕೇಳಿಸಿತು. ಏನು ಹಂಚಿದರು ಎಂದು ನಾನು ವಿಚಾರಿಸಲಿಲ್ಲ. ನಾವು ಏನೂ ಹಂಚಲಿಲ್ಲ. ನಮ್ಮ ಖರ್ಚೆಂದರೆ ಕರಪತ್ರ, ಜೆರಾಕ್ಸ್, ಸ್ಕೂಟಿಯ ಪೆಟ್ರೋಲ್.

27 ಭಾನುವಾರ, ತೋಟಕ್ಕೆ ರಜೆ. ಏಳಕ್ಕೆ ಮತಗಟ್ಟೆ ತೆರೆಯುವಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಜ್ವರ ನೋಡಿ ಒಳಗೆ ಬಿಡುತ್ತಿದ್ದರು. ಆ ಉಳಿದ ನಾಲ್ವರನ್ನು ನಮ್ಮವರು ಬೆಳಿಗ್ಗೆಯೇ ಆಚೆಯ ಮತಗಟ್ಟೆಗೆ ಕರೆದುಕೊಂಡು ಹೋಗಿ ಮತ ಹಾಕಿಸಿ ಬಂದರು. ಅವು ನನಗೆ ಬೀಳುವ ಮತ ಅಲ್ಲ, ಆದರೂ ಹೋಗಿ ಎಂದು ನಾನೇ ಕಳಿಸಿದ್ದೆ. ಹಾಡಿಯವರು ಒಟ್ಟಾಗಿ ನಡೆದು ಬಂದರು, ಹತ್ತು ಗಂಟೆಗೆ. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತು.

30ಕ್ಕೆ ವಿರಾಜಪೇಟೆಯಲ್ಲಿ ಎಣಿಕೆ. ಪ್ರತಿ ಮತಪತ್ರದಲ್ಲಿ ಎರಡು ಗುರುತು ನೋಡಬೇಕಾದ್ದರಿಂದ ಬಹಳ ನಿಧಾನ. ನಮ್ಮ ವಾರ್ಡಿನ ಸರದಿ ಬಂದದ್ದು ಸಂಜೆ. ನಾನು ಗೆರೆ ಎಣಿಸುವುದನ್ನು ಬಿಟ್ಟು ಅಸಿಂಧು ಕಟ್ಟನ್ನೇ ನೋಡುತ್ತಿದ್ದೆ. ಮೇಜಿನ ತುದಿಯಲ್ಲಿ ಅದು ತೆಳ್ಳಗೇ ಉಳಿಯಿತು: ಎಂಟು. ನಾನು 19 ಮತದಿಂದ ಗೆದ್ದೆ. ಆ ಹಿರಿಯರು ಹೊರಗೆ ಸಿಕ್ಕಿ, ಒಳ್ಳೇದಾಗಲಿ ಎಂದು ಹೇಳಿಯೇ ಹೋದರು. ಅವರ ಮನೆಯವರು ನನ್ನ ಕೈ ಹಿಡಿದು, ಮುಂದಿನ ಸಲ ನಾನೇ ಪ್ರಚಾರಕ್ಕೆ ಬರುತ್ತೇನೆ ಎಂದರು. ಅವರು ಬರಬೇಕು. ಬೆಂಡೆಕಾಯಿ ಮೊಹರು ಮಾಡುವುದನ್ನು ನಾನೇ ಹೇಳಿಕೊಡುತ್ತೇನೆ.

ಸದಸ್ಯೆಯಾಗಿ ಐದು ವರ್ಷ ಏನು ಮಾಡಿದೆ ಎನ್ನುವುದು ಬೇರೆಯೇ ಬರೆಯಬೇಕಾದ ವಿಷಯ. ನೀರಿನ ಪೈಪು ಹಾಡಿಯ ತನಕ ಹೋಯಿತು, ಲೈನ್ ಮನೆಯವರಿಗೆ ಸ್ವಂತ ನಿವೇಶನ ಕೊಡಿಸಲು ಆಗಲಿಲ್ಲ. 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ನಮ್ಮ ಅರ್ಜಿ ಹಿಡಿದು ಮೇಲೆ ಮಾತಾಡುವ ಚುನಾಯಿತರು ಅಲ್ಲಿ ಇರಲಿಲ್ಲ. ಅದರ ಬಿಸಿ ಕೆಳಗಿನವರಿಗೆ ತಟ್ಟಿತು.

ರಸ್ತೆಯಾಚೆಯ ಪಟ್ಟಿಯಲ್ಲಿ ಉಳಿದ ನಾಲ್ಕು ಹೆಸರಲ್ಲಿ ಒಬ್ಬರು ತೀರಿಕೊಂಡರು, ಒಬ್ಬಳು ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಹೋದಳು. ಇಬ್ಬರು ಇನ್ನೂ ಅದೇ ಲೈನಿನಲ್ಲಿದ್ದಾರೆ. ಅವರ ನಮೂನೆ 8 ಭರ್ತಿ ಮಾಡಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಈ ಸೋಮವಾರ ಕೊಡಲು ಹೋಗುತ್ತಿದ್ದೇನೆ.